ಬೇಡಪ್ಪನ ಮತ

ಕ್ಲಚ್ ಬಿಡುವಾಗ ಕಾಲು ನಡುಗಬಾರದು ಎಂದು ಅವನು ವರ್ಷಗಟ್ಟಲೆ ಊರಿಗೆಲ್ಲ ಹೇಳಿಕೊಟ್ಟಿದ್ದ. ಇವತ್ತು ನಡುಗುತ್ತಿದ್ದದ್ದು ಅವನದೇ ಕಾಲು. ಪಕ್ಕದ ಸೀಟಿನಲ್ಲಿ ಸ್ಟಿಯರಿಂಗನ್ನು ಎರಡೂ ಕೈಗಳಿಂದ ಅವುಚಿಕೊಂಡು ಕೂತಿದ್ದ ನಿವೃತ್ತ ಟೀಚರಮ್ಮನಿಗೆ ಅದು ಕಾಣುವಂತಿರಲಿಲ್ಲ; ತರಗತಿಯ ತಂಟೆಕೋರನನ್ನು ನೋಡುವ ಹಾಗೆ ಆಕೆ ಎದುರಿನ ರಸ್ತೆಯನ್ನು ದುರುಗುಟ್ಟಿ ನೋಡುತ್ತಿದ್ದರು. ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿಯನ್ನು ಕೈಗೆ ಕೊಡುವಾಗ ಹೆಂಡತಿ, "ರೀ, ಇವತ್ತೊಂದು ದಿನವಾದ್ರೂ ಹೂಂ ಅನ್ನಿ" ಎಂದಿದ್ದಳು. ನಗರಸಭೆಗೆ ಯಾವ ನಿಯಮ ಬಂದರೂ ಬೇಡ ಎಂದೇ ಕೈ ಎತ್ತುವ ಸದಸ್ಯ ಎಂದು ಊರು ಅವನಿಗೆ ಬೇಡಪ್ಪ ಎಂದು ಹೆಸರಿಟ್ಟಿತ್ತು. ಈಗ ಯಾರಾದರೂ ನಿಜವಾದ ಹೆಸರು ಹಿಡಿದು ಕರೆದರೆ ಅವನೇ ಒಂದು ಕ್ಷಣ ತಡೆದು ತಿರುಗಿ ನೋಡುತ್ತಿದ್ದ. ಅಂಗಡಿಗಳಿಗೆಲ್ಲ ಒಂದೇ ಬಣ್ಣ ಬಳಿಯಬೇಕೆಂದಾಗ ಬೇಡ ಎಂದಿದ್ದ. ಪಾರ್ಕಿನ ಬೆಂಚಿನ ಮೇಲೆ ಮಲಗಿದವರಿಗೆ ದಂಡ ಹಾಕಬೇಕೆಂದಾಗ ಬೇಡ ಎಂದಿದ್ದ. ಮನೆ ಮುಂದಿನ ಹೂಕುಂಡಕ್ಕೂ ಪರವಾನಗಿ ಬೇಕೆಂಬ ಠರಾವು ಬಂದಾಗ, "ಹೂವು ಅರಳೋಕೆ ಮುಂಚೆ ಅರ್ಜಿ ಹಾಕಬೇಕಾ ಸ್ವಾಮಿ?" ಎಂದು ಕೇಳಿ ಸಭೆಯನ್ನೆಲ್ಲ ನಗಿಸಿದ್ದ. ಆ ನಗುವಿನ ರುಚಿ ನಾಲಿಗೆಯ ಮೇಲೆ ಬಹಳ ದಿನ ಉಳಿದಿತ್ತು. ಇವತ್ತು ಮಧ್ಯಾಹ್ನದ ಸಭೆಗೆ ಬರುವುದು ಹೂಕುಂಡವಲ್ಲ. ಊರಿನ ಎಲ್ಲೆಯೊಳಗಿನ ಬಾರುಗಳನ್ನೆಲ್ಲ ಮುಚ್ಚಿಸಬೇಕೆಂಬ ಠರಾವು. ತಂದವರು ಅವನ ಚರ್ಚಿನವರೇ. ಎರಡೂ ಕಡೆ ತಲೆಗಳು ಸಮವಾಗಿದ್ದವು, ಉಳಿದದ್ದು ಅವನೊಬ್ಬನ ಕೈ.

"ಸಾಯಂಕಾಲಕ್ಕೆ ಗೊತ್ತಾಗುತ್ತಲ್ಲ ಮೇಷ್ಟ್ರೇ, ನೀವು ದೇವರ ಕಡೆನೋ ಬಾಟ್ಲಿ ಕಡೆನೋ" ಎಂದರು ಟೀಚರಮ್ಮ, ರಸ್ತೆಯಿಂದ ಕಣ್ಣು ಕೀಳದೆ. ದೇವರಿಗೂ ಬಾಟ್ಲಿಗೂ ನಡುವೆ ಮನುಷ್ಯ ಅಂತ ಒಬ್ಬ ಇದ್ದಾನಲ್ಲ ಅಮ್ಮ, ಎಂದು ಅವನು ಹೇಳಬೇಕೆಂದಿದ್ದ. ಇಂಥ ಮಾತು ಅವನಿಗೆ ಸಲೀಸು. ಹೆದರಿಸಿ ಮಾಡಿಸಿದ ಒಳ್ಳೆಯತನ ಒಳ್ಳೆಯತನವಲ್ಲ, ಕೋಲು ಹಿಡಿದು ಯಾರನ್ನೂ ಸ್ವರ್ಗಕ್ಕೆ ಅಟ್ಟಲಾಗುವುದಿಲ್ಲ, ಕೆಡುವ ಹಕ್ಕನ್ನು ದೇವರೇ ಕೊಟ್ಟಿರುವಾಗ ಕಿತ್ತುಕೊಳ್ಳಲು ನಗರಸಭೆ ಯಾರು. ಅಷ್ಟರಲ್ಲಿ ಬಸ್ ನಿಲ್ದಾಣದ ತಿರುವು ಬಂತು. ತಿರುವಿನಾಚೆ ಉದ್ದನೆಯ ಗೋಡೆ, ಗೋಡೆಯ ಬುಡಕ್ಕೆ ತೆರೆದ ಚರಂಡಿ. ಕೆಲವು ವಾರಗಳ ಹಿಂದೆ, ಹೀಗೇ ಪಾಠ ನಡೆಯುತ್ತಿದ್ದಾಗ, ಅಲ್ಲಿ ಒಬ್ಬ ಬಿದ್ದಿದ್ದ. ಒಂದು ಕಾಲು ಚರಂಡಿಯೊಳಗೆ, ಚಪ್ಪಲಿ ಇಲ್ಲ, ತಲೆ ಗೋಡೆಗೆ ಆನಿಸಿಕೊಂಡು, ಯಾರದೋ ಮನೆಯ ಜಗಲಿಯಲ್ಲಿ ವಿಶ್ರಾಂತಿಗೆ ಕೂತವನ ಹಾಗೆ. ಗಾಡಿ ಓಡಿಸುತ್ತಿದ್ದ ಹುಡುಗಿ, "ಸರ್, ಯಾರೋ ಬಿದ್ದಿದಾರೆ" ಎಂದು ವೇಗ ತಗ್ಗಿಸಿದ್ದಳು. ಅವನ ಬಾಯಿ ತಾನಾಗಿಯೇ, "ನೀವು ಮುಂದೆ ನೋಡಿ, ಗಾಡಿ ಓಡ್ಸಿ" ಎಂದಿತ್ತು. ಬಿದ್ದವನು ಅವನ ಒಡಹುಟ್ಟಿದ ತಮ್ಮ. ಆ ದಿನ ರಾತ್ರಿ ಊಟ ಸೇರಿತ್ತು, ನಿದ್ದೆಯೂ ಬಂದಿತ್ತು. ಇದೇ ಅವನನ್ನು ಈಗ ಹೆಚ್ಚು ಹೆದರಿಸುತ್ತಿದ್ದುದು. ಗೋಡೆ ಹತ್ತಿರವಾಗುತ್ತಿದ್ದಂತೆ ಅವನ ಕಾಲು, ಕಲಿಸುವವರಿಗೆಂದು ತನ್ನ ಬದಿಯಲ್ಲಿದ್ದ ಬ್ರೇಕನ್ನು ಜೋರಾಗಿ ಒತ್ತಿಬಿಟ್ಟಿತು. ಕಾರು ಮುಗ್ಗರಿಸಿ ನಿಂತಿತು. ಹಿಂದಿನ ಆಟೊದವನು ಬೈದುಕೊಂಡು ಮುಂದೆ ಹೋದ.

"ಯಾಕೆ? ನಾನು ಸರಿಯಾಗೇ ಹೋಗ್ತಿದ್ದೆನಲ್ಲ!" ಟೀಚರಮ್ಮನ ಕನ್ನಡಕ ಮೂಗಿನ ತುದಿಗೆ ಜಾರಿತ್ತು. "ಊರಿಗೆಲ್ಲ ಸ್ವಾತಂತ್ರ್ಯ ಅಂತೀರಿ, ನನ್ನ ಬ್ರೇಕನ್ನ ಮಾತ್ರ ನೀವೇ ಒತ್ತುತ್ತೀರಿ."

ಗೋಡೆಯ ಬುಡದಲ್ಲಿ ಇವತ್ತು ಯಾರೂ ಇರಲಿಲ್ಲ. ಅವನು ಕ್ಷಮಿಸಿ ಎಂದ. ಆಕೆ ಕ್ಷಮಿಸಿದಂತೆ ಕಾಣಲಿಲ್ಲ.

ಡ್ರೈವಿಂಗ್ ಸ್ಕೂಲಿನ ಬಾಗಿಲಲ್ಲಿ ತಮ್ಮನ ಹೆಂಡತಿ ನಿಂತಿದ್ದಳು. ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸದಿಂದ ನೇರ ಬಂದಿರಬೇಕು. ಬ್ಲೀಚಿನ ವಾಸನೆ ಅವಳಿಗಿಂತ ಮೊದಲೇ ಒಳಗೆ ಬಂತು. ಕೂತ್ಕೋ ಎಂದರೆ ಕೂರಲಿಲ್ಲ. ಗೋಡೆಯ ಮೇಲಿನ ರಸ್ತೆ ಸಂಕೇತಗಳ ಚಾರ್ಟಿನ ಮೇಲೆ ಕಣ್ಣಿಟ್ಟು ನಿಂತಳು, ಬೆರಳುಗಳ ಚರ್ಮ ಬೆಳ್ಳಗೆ ಸುಕ್ಕುಗಟ್ಟಿತ್ತು. ಅವನು ಮೇಜಿನ ಮೇಲಿನ ಬೀಗದ ಕೈಗಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಸಿದ. ಒಂದು ಕಾಲದಲ್ಲಿ ಈ ಕೋಣೆಯಲ್ಲಿ ಎರಡು ಕುರ್ಚಿಗಳಿದ್ದವು. ಹೊರಗಿನ ಬೋರ್ಡಿನಲ್ಲಿ 'ಸಹೋದರರು' ಎಂದು ಬರೆದಿತ್ತು. ಕುಡಿದು ಓಡಿಸಿ ತಮ್ಮನ ಲೈಸೆನ್ಸ್ ಹೋದ ಮೇಲೆ ಆ ಪದವನ್ನು ಅಳಿಸಿದ್ದು ಪೇಂಟರ್, ಆದರೆ ಅಳಿಸು ಎಂದವನು ಇವನು. ಅಳಿಸಿದ ಜಾಗದಲ್ಲಿ ಹಳದಿ ಬಣ್ಣ ಕೊಂಚ ಹೆಚ್ಚೇ ಹಳದಿಯಾಗಿ ಉಳಿದಿದೆ.

"ಭಾವ, ನಾನು ಇಷ್ಟು ವರ್ಷದಲ್ಲಿ ನಿಮ್ಮ ಹತ್ರ ಏನೂ ಕೇಳ್ದೋಳಲ್ಲ."

"ಗೊತ್ತಮ್ಮ."

"ಕೆಲಸದಿಂದ ಮನೆಗೆ ಬರೋ ದಾರೀಲೇ ಆ ಬಾರು ಸಿಗುತ್ತೆ ಅವರಿಗೆ. ಬೇರೆ ದಾರಿ ಇಲ್ಲ. ಆ ಬಾಗಿಲಿಗೆ ಹೋಗದೆ ಮುಂದೆ ಬಂದ ದಿನ ಮನುಷ್ಯ, ಒಳಗೆ ಹೋದ ದಿನ ಅಲ್ಲ. ಅಷ್ಟೇ ಇರೋದು. ಆ ಬಾಗಿಲು ಮುಚ್ಚಿಸಿ."

"ಅದು ಮುಚ್ಚಿದ್ರೆ ಅವನು ಬಸ್ಸು ಹತ್ತಿ ಪಕ್ಕದೂರಿಗೆ ಹೋಗ್ತಾನೆ. ಕಾನೂನಿಂದ ಮನಸ್ಸು ಬದಲಾಗಲ್ಲಮ್ಮ. ಅವನಿಗೇ ಅನ್ನಿಸಬೇಕು."

"ಮನಸ್ಸು ಬದಲಾಗಲಿ ಅಂತ ನಾನು ಕೇಳ್ಲಿಲ್ಲ ಭಾವ" ಎಂದಳು ಅವಳು, ಮೊದಲ ಬಾರಿ ಅವನತ್ತ ತಿರುಗಿ. "ಬಸ್ಸು ಹತ್ತೋ ಅಷ್ಟು ಹೊತ್ತು ಸಿಗಲಿ ಅಂತ ಕೇಳ್ತಿದೀನಿ. ಅಷ್ಟು ಹೊತ್ತಲ್ಲಿ ಒಂದೊಂದು ದಿನ ಸುಸ್ತಾಗಿ ಮನೆಗೆ ಬಂದುಬಿಡ್ತಾರೇನೋ."

ಅವನ ಮಾತುಗಳೆಲ್ಲ ದೊಡ್ಡ ಆಸೆಗಳ ಅಳತೆಗೆ ಹೊಲಿಸಿದ ಅಂಗಿಗಳು. ಇಷ್ಟು ಚಿಕ್ಕ ಆಸೆಗೆ ತೊಡಿಸಲು ಹೋದರೆ ತೋಳು ನೆಲಕ್ಕೆ ಇಳಿಬೀಳುತ್ತಿತ್ತು. ಸಭೆಗೆ ಬಾ, ಮೇಲಿನ ಗ್ಯಾಲರಿಯಲ್ಲಿ ಕೂರಬಹುದು ಎಂದು ಹೇಳಿದ, ಮದುವೆಗೆ ಕರೆಯುವವನ ದನಿಯಲ್ಲಿ. ಹೇಳಿದ ಮೇಲೆ ತನ್ನ ದನಿಗೆ ತಾನೇ ನಾಚಿದ.

ಚರ್ಚಿನ ಹಿತ್ತಲಲ್ಲಿ ಪಾದ್ರಿಗಳು ನಲ್ಲಿ ರಿಪೇರಿ ಮಾಡುತ್ತಿದ್ದರು. ಅಂಗಿಯ ತೋಳು ಮಡಚಿ, ಸ್ಪ್ಯಾನರ್ ಹಿಡಿದು, ಮುಖದ ಮೇಲೆಲ್ಲ ನೀರು ಚಿಮ್ಮಿಸಿಕೊಂಡಿದ್ದ ಅವರನ್ನು ಕಂಡಾಗ ಬೇಡಪ್ಪನಿಗೆ ವಾದ ಮಾಡುವ ಹುಮ್ಮಸ್ಸು ಅರ್ಧ ಇಳಿಯಿತು. ಭಾನುವಾರದ ಉಪದೇಶದಲ್ಲಿ, ಕೈಯಲ್ಲಿ ಅಧಿಕಾರ ಇಟ್ಟುಕೊಂಡೂ ದುರ್ಬಲನನ್ನು ಕಾಯದವನ ಬಗ್ಗೆ ಅವರು ಮಾತಾಡಿದಾಗ ಇಡೀ ಚರ್ಚಿನ ಬೆನ್ನುಗಳು ಇವನತ್ತ ತಿರುಗಿದ ಹಾಗೆ ಅನ್ನಿಸಿತ್ತು. ಬೆನ್ನುಗಳು ತಿರುಗುವುದು ಹೇಗೆ ಎಂದು ಕೇಳಿದರೆ ಅವನಿಗೆ ಹೇಳಲಾಗದು, ಆದರೆ ತಿರುಗಿದ್ದವು.

"ನನ್ನ ಹೆಸರು ಹೇಳದೆ ನನಗೇ ಬೈದಿರಿ ಫಾದರ್."

"ಹೆಸರು ಹೇಳಿದ್ರೆ ನೀವು ಬೇಡ ಅಂತಿದ್ರಿ" ಎಂದು ಪಾದ್ರಿಗಳು ನಕ್ಕರು. ಆಮೇಲೆ ನಗು ಒರೆಸಿಕೊಂಡು ಹೇಳಿದರು, "ನೋಡಿ, ಬೀಳೋ ಸ್ವಾತಂತ್ರ್ಯ ದೇವರು ಕೊಟ್ಟಿದ್ದು, ಒಪ್ತೀನಿ. ಬೀಳೋ ಜಾಗದಲ್ಲಿ ಬೇಲಿ ಹಾಕ್ಬೇಡಿ ಅಂತ ಅವನು ಎಲ್ಲೂ ಹೇಳ್ಲಿಲ್ಲ."

"ಇವತ್ತು ಬಾರಿಗೆ ಬೇಲಿ. ನಾಳೆ ಇನ್ಯಾರಿಗೋ ನಮ್ಮ ಪ್ರಾರ್ಥನೆ ಕೆಟ್ಟದ್ದು ಅನ್ನಿಸಿದ್ರೆ? ಆಗ ಅದೇ ಬೇಲಿ ನಮ್ಮ ಬಾಗಿಲಿಗೆ ಬರುತ್ತೆ. ನಾವೇ ಕಲಿಸಿಕೊಟ್ಟ ಹಾಗಾಗುತ್ತೆ."

ಪಾದ್ರಿಗಳು ಸ್ಪ್ಯಾನರನ್ನು ಕಲ್ಲಿನ ಮೇಲಿಟ್ಟರು. ನಲ್ಲಿ ಇನ್ನೂ ತೊಟ್ಟಿಕ್ಕುತ್ತಿತ್ತು. "ಆ ಮಾತು ನಿಜವೇ. ಅದಕ್ಕೆ ನನ್ನ ಹತ್ರ ಜವಾಬಿಲ್ಲ. ಒಂದು ಹೇಳ್ತೀನಿ, ಹೊರಗೆ ಆಡ್ಬೇಡಿ. ನಿಮ್ಮ ತಮ್ಮನ ಹತ್ರ ನಾನು ಹೋಗ್ತಿದ್ದೆ. ಕೂತು ಮಾತಾಡ್ತಿದ್ದೆ. ಒಂದಿನ ಅವನು ನನ್ನ ಮೇಲೇ ವಾಂತಿ ಮಾಡಿಕೊಂಡ. ಆಮೇಲೆ ಹೋಗೋದು ಕಮ್ಮಿ ಆಯ್ತು. ಆಮೇಲೆ ನಿಂತೇ ಹೋಯ್ತು. ಅದಾದ ಮೇಲೇ ನಾನು ಈ ಕಾನೂನಿನ ಮಾತು ಎತ್ತಿದ್ದು. ನಂಗೆ ಸಾಕಾಗಿತ್ತು, ಅಷ್ಟೆ."

ಅಲ್ಲಿಂದ ನಗರಸಭೆಯ ಕಟ್ಟಡದವರೆಗೆ ಅವನು ನಡೆದೇ ಹೋದ. ಬಿಸಿಲು ಅಂಗಡಿಗಳ ಶೆಟರ್‌ಗಳ ಮೇಲೆ ಹೊಳೆಯುತ್ತಿತ್ತು; ಬಣ್ಣಬಣ್ಣದ ಶೆಟರ್‌ಗಳು, ಅವನು ಬೇಡ ಎಂದದ್ದರಿಂದ ಉಳಿದ ಬಣ್ಣಗಳು. ಚೆನ್ನಾಗೇ ಇವೆ ಎಂದುಕೊಂಡ. ನಾನು ಎಲ್ಲದರಲ್ಲೂ ತಪ್ಪಿಲ್ಲ ಎಂದುಕೊಂಡ. ಆದರೆ ಪಾದ್ರಿಗಳ ಮಾತು ಚಪ್ಪಲಿಯೊಳಗೆ ಸೇರಿದ ಹರಳಿನ ಹಾಗೆ ಒತ್ತುತ್ತಿತ್ತು. ಅವರಿಗೆ ಸಾಕಾಗಿ ಕಾನೂನು ಎಂದರು. ತನಗೂ ಸಾಕಾಗಿತ್ತಲ್ಲವೇ? ತಾನು ಅದಕ್ಕೆ ಸ್ವಾತಂತ್ರ್ಯ ಎಂದಿದ್ದ. ಒಬ್ಬನು ಬೇಲಿ ಎಂದು ಕೈ ತೊಳೆದುಕೊಂಡ, ಇನ್ನೊಬ್ಬ ಬಯಲು ಎಂದು ತೊಳೆದುಕೊಂಡ. ನೀರು ಮಾತ್ರ ಒಂದೇ. ಹಾಗಲ್ಲ, ಹಾಗಿರಲಾರದು, ತಮ್ಮ ಕುಡಿಯುವುದಕ್ಕೆ ಎಷ್ಟೋ ಮುಂಚಿನಿಂದಲೂ ತಾನು ಹೀಗೇ ಯೋಚಿಸುತ್ತಿದ್ದವನು. ನಿಜವೇ? ಅಪ್ಪ ಬೆಲ್ಟು ಬಿಚ್ಚಿ ಇಬ್ಬರನ್ನೂ ಚರ್ಚಿಗೆ ಅಟ್ಟುತ್ತಿದ್ದ ಬೆಳಗುಗಳಲ್ಲಿ, ಮೊಣಕಾಲೂರಿ, ಕಣ್ಣು ಮುಚ್ಚಿ, ಮನಸ್ಸಿನಲ್ಲಿ ಒಂದು ಪದವೂ ಹೇಳದೆ ಎದ್ದು ಬರುತ್ತಿದ್ದದ್ದು ನೆನಪಿದೆ. ಹೊಡೆದು ಮಾಡಿಸಿದ ಪ್ರಾರ್ಥನೆ ಹೊಟ್ಟೆಯಲ್ಲಿ ಹೇಗೆ ಕಲ್ಲಾಗುತ್ತದೆಂದು ಅವನಿಗೆ ಗೊತ್ತು. ಪಕ್ಕದಲ್ಲಿ ಮೊಣಕಾಲೂರಿದ್ದ ತಮ್ಮ ಮಾತ್ರ, ಬಾಸುಂಡೆ ಕಾಣುವ ಕಾಲಲ್ಲೇ, ನಿಜವಾಗಿ ಪ್ರಾರ್ಥಿಸುತ್ತಿದ್ದ. ಅಣ್ಣನಿಗೆ ಏಟು ಕಮ್ಮಿ ಬೀಳಲಿ ಅಂತ ಕೇಳ್ಕೊಂಡೆ ಎಂದು ಹೊರಗೆ ಬಂದ ಮೇಲೆ ಹೇಳುತ್ತಿದ್ದ.

ಆ ತಮ್ಮ ಕಟ್ಟಡದ ಮೆಟ್ಟಿಲ ಬಳಿ ನಿಂತಿದ್ದ. ಕುಡಿದಿರಲಿಲ್ಲ. ಗಡ್ಡ ಹೆರೆದಿದ್ದ, ಕೆನ್ನೆಯ ಮೇಲೆ ಬ್ಲೇಡು ತಾಗಿದ ಕೆಂಪು ಗೀರು. ಅವನು ದುಡಿಯುವ ಪಂಕ್ಚರ್ ಅಂಗಡಿಯ ಮಸಿ ಉಗುರುಗಳೊಳಗೆ ಕೂತಿತ್ತು. ಕೈಗಳನ್ನು ಹಿಂದೆ ಕಟ್ಟಿ ಅದನ್ನು ಬಚ್ಚಿಟ್ಟುಕೊಂಡಿದ್ದ.

"ನಿನ್ನ ಭಾಷಣ ಕೇಳೋಣ ಅಂತ ಸ್ವಲ್ಪ ಹೊತ್ತು ಕೆಲಸ ಬಿಟ್ಟು ಬಂದೆ ಅಣ್ಣ."

"ನಿನ್ನ ಹೆಂಡತಿ ಬೆಳಿಗ್ಗೆ ಬಂದಿದ್ದಳು."

"ಗೊತ್ತು. ಮುಚ್ಚಿಸಿ ಅಂದಿರ್ತಾಳೆ. ನೀನು ಅವಳ ಮಾತು ಕೇಳ್ಬೇಡ, ನನ್ನ ಮುಖ ನೋಡಿ ಹೂಂ ಅಂತ ಕೈ ಎತ್ತಬೇಡ." ತಮ್ಮ ದನಿ ತಗ್ಗಿಸಿದ. "ಅವಳು ನನ್ನ ಕಾಯ್ತಾಳೆ, ಪಾದ್ರಿಗಳು ನಂಗೋಸ್ಕರ ಅಳ್ತಾರೆ, ಡಾಕ್ಟರು ರೋಗಿ ಅಂತಾರೆ. ನೀನೊಬ್ಬನೇ ನನ್ನ ಪಾಡಿಗೆ ನನ್ನ ಬಿಟ್ಟಿರೋನು. ಮನುಷ್ಯ ಅಂತ ಇಟ್ಟುಕೊಂಡಿರೋನು. ಆವತ್ತು ಬಸ್ ಸ್ಟ್ಯಾಂಡ್ ಹತ್ರ ಬಿದ್ದಿದ್ದೆನಲ್ಲ, ನಿನ್ನ ಗಾಡಿ ನೋಡ್ದೆ. ಬೋರ್ಡು ಕಾಣ್ತು. ನೀನು ನಿಲ್ಲಿಸಲಿಲ್ಲ. ಬೇರೆ ಯಾರೇ ಆಗಿದ್ರೂ ಇಳಿದು ನಾಲ್ಕು ಜನರನ್ನ ಸೇರಿಸಿ ರಂಪ ಮಾಡ್ತಿದ್ರು. ನೀನು ನನ್ನ ಮರ್ಯಾದೆ ಉಳಿಸಿದೆ ಅಣ್ಣ."

ಹಾಗಲ್ಲ ಕಣೋ, ಎಂದು ಹೇಳಲು ಇದೇ ಸಮಯವಾಗಿತ್ತು. ಅದರ ಬದಲು ಬೇಡಪ್ಪ ತಮ್ಮನ ಅಂಗಿಯ ಕಾಲರ್ ಒಂದು ಕಡೆ ಒಳಗೆ ಮಡಚಿಕೊಂಡಿದ್ದನ್ನು ನೋಡಿದ. ಸರಿಮಾಡಲು ಕೈ ಎದ್ದು ಅರ್ಧಕ್ಕೆ ನಿಂತಿತು. ಆಮೇಲೆ ಗಡಿಯಾರ ನೋಡಿಕೊಳ್ಳುವವನ ಹಾಗೆ ಆ ಕೈಯನ್ನೇ ನೋಡಿಕೊಂಡ. "ಬಾ, ಮೇಲೆ ಜಾಗ ಸಿಗಲ್ಲ" ಎಂದ.

ಸಭೆಯಲ್ಲಿ ಫ್ಯಾನುಗಳು ಗರಗರ ತಿರುಗುತ್ತಿದ್ದವು. ಗ್ಯಾಲರಿ ತುಂಬಿತ್ತು. ಒಂದು ಮೂಲೆಯಲ್ಲಿ ತಮ್ಮ, ಇನ್ನೊಂದು ಮೂಲೆಯಲ್ಲಿ ತಮ್ಮನ ಹೆಂಡತಿ, ಒಬ್ಬರನ್ನೊಬ್ಬರು ಕಾಣದವರ ಹಾಗೆ. ಮುಂದಿನ ಸಾಲಿನಲ್ಲಿ ಬಾರಿನ ಯಜಮಾನ, ಮಗನ ಪರೀಕ್ಷೆಯ ಫಲಿತಾಂಶಕ್ಕೆ ಕಾದವನ ಹಾಗೆ. ಠರಾವಿನ ಪರವಾಗಿ ಮಾತಾಡಿದ ನರ್ಸಮ್ಮ, ಆಸ್ಪತ್ರೆಯಿಂದ ನಿವೃತ್ತಿಯಾದ ಮೇಲೆ ಸದಸ್ಯೆಯಾದವರು, ಯಾವತ್ತೂ ದನಿ ಎತ್ತುವವರಲ್ಲ. "ಬೀದಿದೀಪ ಹಾಕೋದು ನಮ್ಮ ಕೆಲಸ ಅಂತೀವಿ, ಚರಂಡಿ ತೆಗೆಸೋದು ನಮ್ಮ ಕೆಲಸ ಅಂತೀವಿ. ಆ ದೀಪದ ಕೆಳಗೆ, ಆ ಚರಂಡಿಯೊಳಗೆ ಮನುಷ್ಯ ಬಿದ್ದಿದ್ರೆ ಅದು ಅವನಿಷ್ಟ ಅಂತೀವಿ. ಚರಂಡಿಗೆ ಇರೋ ಬೆಲೆ ಅವನಿಗೆ ಬೇಡ್ವಾ?" ಇಷ್ಟು ಹೇಳಿ ಅವರು ಕೂತರು. ಚರಂಡಿ ಎಂಬ ಪದ ಬಂದಾಗಲೆಲ್ಲ ಬೇಡಪ್ಪ ತಲೆ ತಗ್ಗಿಸಿದ. ಈಕೆಗೆ ಗೊತ್ತೇ? ಆ ಗಾಡಿ ಓಡಿಸುತ್ತಿದ್ದ ಹುಡುಗಿ ಈಕೆಯ ನೆಂಟಳೇ? ಇಲ್ಲ, ಯಾರಿಗೂ ಗೊತ್ತಿರಲಿಲ್ಲ; ಗೊತ್ತಿದ್ದವನೊಬ್ಬನು ಮೇಲೆ ಕೂತು ಹೆಮ್ಮೆಯಿಂದ ಅವನನ್ನೇ ನೋಡುತ್ತಿದ್ದ.

ಬೇಡಪ್ಪ ಎದ್ದು ನಿಂತಾಗಲೇ ಹಿಂದಿನಿಂದ ಯಾರೋ "ಬೇಡ!" ಎಂದು ಕೂಗಿ ಎಲ್ಲರನ್ನೂ ನಗಿಸಿದರು. ಅವನಿಗೆ ನಗು ಬರಲಿಲ್ಲ. ಅಪ್ಪನ ಬೆಲ್ಟಿನ ಕಥೆ ಹೇಳಬೇಕೆಂದಿದ್ದ, ಹೇಳಲಿಲ್ಲ. ಹೂಕುಂಡದಂಥ ಒಂದು ಹಾಸ್ಯವನ್ನೂ ಸಿದ್ಧಮಾಡಿಕೊಂಡಿದ್ದ, ಅದು ಈಗ ಅಸಹ್ಯ ಅನ್ನಿಸಿತು. "ನಾನು ಈ ಠರಾವಿಗೆ ವಿರುದ್ಧ" ಎಂದ. "ಒಬ್ಬ ಮನುಷ್ಯನನ್ನ ಒಳ್ಳೆಯವನನ್ನಾಗಿ ಮಾಡೋ ಅಧಿಕಾರ ನಾವು ತಗೊಂಡ್ರೆ, ಯಾವುದು ಒಳ್ಳೇದು ಅಂತ ತೀರ್ಮಾನ ಮಾಡೋ ಅಧಿಕಾರವೂ ಅದರ ಜೊತೆಗೇ ಬರುತ್ತೆ. ಅದು ನಮ್ಮ ಕೈಲಿ ಇರಬಾರದು. ನನ್ನ ಕೈಲಂತೂ ಇರಬಾರದು." ಬಾರಿನ ಯಜಮಾನ ಚಪ್ಪಾಳೆ ಹೊಡೆದ. ಅವನ ಕಡೆಯವರೂ ಹೊಡೆದರು. ಆ ಸದ್ದಿನ ನಡುವೆಯೇ ಬೇಡಪ್ಪ, "ಅವನನ್ನ ಎತ್ತಬೇಕಾಗಿದ್ದದ್ದು ನಗರಸಭೆ ಅಲ್ಲ, ನಾವು. ನಾನು. ನಾನು ಎತ್ತಲಿಲ್ಲ" ಎಂದ. ಅಧ್ಯಕ್ಷರು ಗಂಟೆ ಬಾರಿಸುತ್ತಿದ್ದರು, ನಿಶ್ಶಬ್ದ, ನಿಶ್ಶಬ್ದ ಎನ್ನುತ್ತಿದ್ದರು. ಅವನ ಜನ್ಮದಲ್ಲಿ ಆ ಸಭೆಯಲ್ಲಿ ಆಡಿದ ಒಂದೇ ಒಂದು ನಿಜವಾದ ಮಾತು ಆ ಗಂಟೆಯ ಕೆಳಗೆ ಸಿಕ್ಕಿ ಹೋಯಿತು. ಕೈ ಎತ್ತುವಾಗ, ತಾನು ನಂಬಿಕೆಯಿಂದ ಎತ್ತುತ್ತಿದ್ದೇನೋ, ಮೇಲಿನಿಂದ ನೋಡುತ್ತಿರುವ ತಮ್ಮನ ಕಣ್ಣಲ್ಲಿ ಸಣ್ಣವನಾಗಬಾರದೆಂದು ಎತ್ತುತ್ತಿದ್ದೇನೋ ಎಂದು ಕೇಳಿಕೊಂಡ. ಉತ್ತರ ಬರುವಷ್ಟರಲ್ಲಿ ಕೈ ಮೇಲಿತ್ತು. ಠರಾವು ಬಿದ್ದುಹೋಯಿತು.

ಹೊರಗೆ ಬಾರಿನ ಯಜಮಾನ ಅವನ ಕೈಯನ್ನು ತನ್ನೆರಡು ಕೈಗಳೊಳಗೆ ತೆಗೆದುಕೊಂಡು ಕುಲುಕಿದ. "ನೀವು ದೇವರಂಥವರು ಮೆಂಬರೇ." ಆ ಕೈ ಬೆಚ್ಚಗೆ, ಮೆತ್ತಗೆ, ಬಿಡುವ ಲಕ್ಷಣವೇ ಇರಲಿಲ್ಲ. ಚರ್ಚಿನವರು ಗುಂಪಾಗಿ ಇಳಿದುಹೋದರು; ಚರ್ಚಿನಲ್ಲಿ ಹಾಡುವಾಗ ಅವನ ಪಕ್ಕ ನಿಲ್ಲುತ್ತಿದ್ದ ಮುದುಕರು ಅವನನ್ನು ದಾಟುವಾಗ ಟೋಪಿ ಸರಿಮಾಡಿಕೊಂಡರು. ಪಾದ್ರಿಗಳು ಭುಜ ತಟ್ಟಿ ಹೋದರು, ಅದು ಬೈಗುಳಕ್ಕಿಂತ ಭಾರವಾಗಿತ್ತು. ಕೊನೆಗೆ ಬಂದವಳು ತಮ್ಮನ ಹೆಂಡತಿ. ಅತ್ತಿರಲಿಲ್ಲ. ಪಾಳಿ ಮುಗಿಸಿ ಇನ್ನೊಂದು ಪಾಳಿಗೆ ಹೊರಟವಳ ಮುಖ.

"ಸರ್ಕಾರ ಬೇಡ ಅಂದ್ರಿ. ಆಯ್ತು. ಹಾಗಾದ್ರೆ ಯಾರು ಭಾವ?"

ಅದು ಪ್ರಶ್ನೆಯೇ, ಚುಚ್ಚುಮಾತಲ್ಲ. ಅವಳಿಗೆ ನಿಜವಾಗಿ ತಿಳಿಯಬೇಕಿತ್ತು. ಅವನು ಬಾಯಿ ತೆರೆಯುವ ಮೊದಲೇ ಬಸ್ಸು ಬಂತು. ಅವಳು ಹತ್ತಿ ಹೋದಳು.

ಸಂಜೆಯ ಪಾಠಗಳಿಗೆ ಅವನು ರಜಾ ಹೇಳಿದ. ಮನೆಗೆ ಹೋಗಲಿಲ್ಲ. ಬೀದಿದೀಪಗಳು ಹತ್ತುವ ಹೊತ್ತಿಗೆ ಬಾರಿನ ಎದುರಿನ ಔಷಧಿ ಅಂಗಡಿಯ ಕಟ್ಟೆಯ ಮೇಲೆ ನಿಂತಿದ್ದ. ನಾಲ್ಕು ಸಲ ಅಲ್ಲಿಂದ ಹೊರಟ, ಮತ್ತೆ ತಿರುಗಿ ಬಂದ. ಏನು ಮಾಡಲಿದ್ದೇನೆ? ತಡೆಯುವುದೇ? ತಡೆಯುವವನಾದರೆ ಮಧ್ಯಾಹ್ನ ಕೈ ಎತ್ತಿದವನು ಯಾರು? ಸುಮ್ಮನೆ ನೋಡುವುದೇ? ಅದನ್ನು ಇಷ್ಟು ದಿನವೂ ಮಾಡಿದ್ದಾಯಿತು. ತಮ್ಮ ಪಂಕ್ಚರ್ ಅಂಗಡಿಯ ಕಡೆಯಿಂದ ಬಂದ, ಬಾರಿನ ಬಾಗಿಲ ಮುಂದೆ ಒಂದು ಕ್ಷಣ ತಡೆದ, ಒಳಗೆ ಹೋದ. ಬೇಡಪ್ಪ ರಸ್ತೆ ದಾಟಿದ. ಚರ್ಚಿನ ಹಿರಿಯ, ನಗರಸಭೆಯ ಸದಸ್ಯ, ಆ ಬಾಗಿಲನ್ನು ತಳ್ಳುವುದನ್ನು ಬೀದಿಯಲ್ಲಿದ್ದವರೆಲ್ಲ ನೋಡಿದರು. ಸಭೆಯಲ್ಲಿ ಹಾಗೆ ಮಾತಾಡಿದ್ದೇ ಇದಕ್ಕೆ ಎಂದು ಅವರು ಅಂದುಕೊಳ್ಳುವುದು ಅವನಿಗೆ ಬೆನ್ನಲ್ಲಿ ಕೇಳಿಸಿತು. ಒಳಗೆ ಮಬ್ಬು, ಒದ್ದೆ ಮೇಜುಗಳ ಹುಳಿ ವಾಸನೆ. ತಮ್ಮ ಗೋಡೆಯ ಬದಿ ಕೂತಿದ್ದ. ಅವನು ಎದುರು ಕೂತ.

"ಅಣ್ಣ?" ತಮ್ಮ ಮೊದಲು ನಕ್ಕ. ಆಮೇಲೆ ನಗು ನಿಂತಿತು. "ಅವಳು ಕಳಿಸಿದ್ಲಾ?"

"ಯಾರೂ ಕಳಿಸಿಲ್ಲ."

"ಮಧ್ಯಾಹ್ನ ಅಷ್ಟು ದೊಡ್ಡ ಗಂಟಲಲ್ಲಿ ಬೇಡ ಅಂದೆ. ಸಂಜೆಗೆ ನೀನೇ ಸರ್ಕಾರ ಆಗಿ ಬಂದ್ಯಾ?"

"ತಡೆಯೋಕೆ ಬಂದಿಲ್ಲ. ನೀನು ಕುಡಿ. ನಾನು ಕೂತಿರ್ತೀನಿ. ನೀನು ಎದ್ದಾಗ ಏಳ್ತೀನಿ."

ಯಜಮಾನ ಓಡಿಬಂದು ತಾನೇ ಮೇಜು ಒರೆಸಿದ, ಏನು ಕೊಡ್ಲಿ ಮೆಂಬರೇ, ಇವತ್ತು ನಮ್ಮ ಕಡೆಯಿಂದ ಎಂದ. ಏನೂ ಬೇಡ ಎಂದಾಗ ಅಕ್ಕಪಕ್ಕದ ಮೇಜಿನವರು ಗೊಳ್ಳೆಂದು ನಕ್ಕರು. ಆ ನಗು ಇಳಿಯುವವರೆಗೆ ಅವನು ಕಾದ. ಆಮೇಲೆ ಮೇಜಿನ ಮೇಲೆ ಬಾಗಿ, ಇಬ್ಬರಿಗಷ್ಟೇ ಕೇಳುವಂತೆ ಹೇಳಿದ, "ಆವತ್ತು ನಾನು ಗಾಡಿ ನಿಲ್ಲಿಸದೆ ಹೋಗಿದ್ದು ನಿನ್ನ ಮರ್ಯಾದೆಗಲ್ಲ. ನನ್ನ ನಾಚಿಕೆಗೆ."

ತಮ್ಮ ಗ್ಲಾಸನ್ನು ಎತ್ತಿದವನು ತುಟಿಯ ಹತ್ತಿರವೇ ನಿಲ್ಲಿಸಿದ. ಅವನ ಮುಖದಲ್ಲಿ ಏನೋ ಒಂದು ಸದ್ದಿಲ್ಲದೆ ಕುಸಿದದ್ದನ್ನು ಬೇಡಪ್ಪ ಕಂಡ. ಕುಡಿತ ಕೂಡ ಮುಟ್ಟದೆ ಬಿಟ್ಟಿದ್ದ ಏನೋ ಒಂದು. "ಅದನ್ನ ಹೇಳದೆ ಇದ್ದಿದ್ರೆ ಚೆನ್ನಾಗಿತ್ತು ಅಣ್ಣ" ಎಂದ. ಒಂದೇ ಗುಟುಕಿಗೆ ಕುಡಿದು ಇನ್ನೊಂದು ತರಿಸಿದ. ಹಟಕ್ಕೆ ಮತ್ತೊಂದು. ಬೇಡಪ್ಪ ಕೂತೇ ಇದ್ದ. ಎದ್ದು ಹೋಗಬೇಕೆನ್ನಿಸುತ್ತಿತ್ತು, ಗ್ಲಾಸು ಕಿತ್ತು ಗೋಡೆಗೆ ಎಸೆಯಬೇಕೆನ್ನಿಸುತ್ತಿತ್ತು. ಎರಡರಲ್ಲಿ ಯಾವುದನ್ನು ಮಾಡಿದ್ದರೂ ಎಷ್ಟೋ ಹಗುರಾಗುತ್ತಿತ್ತು. ಮಾಡದೆ ಕೂರುವುದು ಇಷ್ಟು ಕೆಲಸವೆಂದು ಅವನಿಗೆ ತಿಳಿದಿರಲಿಲ್ಲ.

ಮನೆಯ ದಾರಿಯಲ್ಲಿ ತಮ್ಮ ಮುಂದೆ, ಇವನು ಹಿಂದೆ. ಎರಡು ಸಲ ತಮ್ಮ ತೂರಾಡಿದ, ಎರಡು ಸಲವೂ ಇವನ ಕೈಯನ್ನು ಕೊಡವಿದ. "ನಾಳೇನೂ ಬರ್ತೀಯಾ?" ಎಂದು ತಿರುಗಿ ನೋಡದೆ ಕೇಳಿದ. ಬರ್ತೀನಿ ಎಂದ ಇವನು. "ನಂಗೆ ಇಷ್ಟ ಇಲ್ಲ." ಗೊತ್ತು ಎಂದ. ನಾಳೆ ಈ ಹೊತ್ತಿಗೆ ತನ್ನ ಕಾಲುಗಳು ಎಷ್ಟು ನೆವ ಹುಡುಕುತ್ತವೆ ಎಂಬುದೂ ಅವನಿಗೆ ಗೊತ್ತಿತ್ತು.

ಬಾಗಿಲು ತೆರೆದ ತಮ್ಮನ ಹೆಂಡತಿ ಇಬ್ಬರನ್ನೂ ನೋಡಿ ಪಕ್ಕಕ್ಕೆ ಸರಿದಳು. ತಮ್ಮ ಒಳಗಿನ ಸ್ಟೂಲಿನ ಮೇಲೆ ಧೊಪ್ಪೆಂದು ಕೂತು ಬೂಟಿನ ದಾರಕ್ಕೆ ಕೈ ಹಾಕಿದ. ಬೆರಳುಗಳು ಮಾತು ಕೇಳಲಿಲ್ಲ; ದಾರದ ಸುತ್ತ ಗಾಳಿಯನ್ನು ಹಿಡಿದವು, ಮತ್ತೆ ಹಿಡಿದವು. ಬೇಡಪ್ಪ ಇಸ್ತ್ರಿ ಅಂಗಿಯಲ್ಲೇ ನೆಲಕ್ಕೆ ಮೊಣಕಾಲೂರಿ ಕೂತ. ಬೂಟಿಗೆ ರಸ್ತೆಯ ಕೆಸರು ಮೆತ್ತಿತ್ತು, ದಾರ ನೆನೆದು ಬಿಗಿದಿತ್ತು.

"ಬಿಡು" ಎಂದ ತಮ್ಮ, ಕಾಲು ಎಳೆದುಕೊಳ್ಳುತ್ತ. "ಬಿಡು ಅಂದೆನಲ್ಲ ಅಣ್ಣ, ನಾನೇ ಬಿಚ್ಚಿಕೊಳ್ತೀನಿ."

ಬೇಡಪ್ಪ ಹಿಮ್ಮಡಿಯನ್ನು ಎಡಗೈಯಲ್ಲಿ ಹಿಡಿದುಕೊಂಡ. ಕಾಲು ಬೆಚ್ಚಗಿತ್ತು, ಅವನ ಅಂಗೈಯೊಳಗೆ ಒಮ್ಮೆ ಕೊಸರಿತು.

"ಗಂಟು ಬಿಗಿದಿದೆ ಕಣೋ. ಸುಮ್ನಿರು ಸ್ವಲ್ಪ."